ಸಿಗ್ನಲ್ ಲೇಟಾಗಿ ಬರುತ್ತಿದೆ: ಮಯಲಿನ್ ರಿಪೇರಿ ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ದೂರು

ಇಪ್ಪತ್ತೇಳರ ಹುಡುಗಿ. ಎಡಗಣ್ಣು ಹೊರಳಿಸಿದರೆ ಒಳಗೆ ನೋವು. ನಾಲ್ಕು ದಿನದಲ್ಲಿ ಆ ಕಣ್ಣು ಮಂಜಾಯಿತು. ಅವಳನ್ನು ನಿಜವಾಗಿ ಹೆದರಿಸಿದ್ದು ಮಂಜಲ್ಲ, ಬಣ್ಣ. "ಸರ್, ಕುಂಕುಮ ಈ ಕಣ್ಣಿಗೆ ಇಟ್ಟಿಗೆ ಪುಡಿ ಥರ ಕಾಣುತ್ತೆ" ಅಂದಳು. ಡಾಕ್ಟರು ಆಪ್ಟಿಕ್ ನ್ಯೂರೈಟಿಸ್ ಎಂದಿದ್ದರು. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಊದಿಕೊಂಡಿದೆ, ಅದರ ಎಳೆಗಳ ಮೇಲಿನ ಮಯಲಿನ್ ಹೊದಿಕೆ ಕಿತ್ತುಹೋಗಿದೆ. ಸ್ಟೆರಾಯ್ಡ್ ಡ್ರಿಪ್ ಮುಗಿಸಿಕೊಂಡು ವಿಇಪಿ ಟೆಸ್ಟಿಗೆ ನನ್ನ ಕೋಣೆಗೆ ಬಂದಿದ್ದಳು.

ನಾನು ಡಾಕ್ಟರಲ್ಲ. ನರಗಳು ಎಷ್ಟು ಬೇಗ ಸುದ್ದಿ ಮುಟ್ಟಿಸುತ್ತವೆ ಎಂದು ಅಳೆಯುವ ಲ್ಯಾಬಿನ ಟೆಕ್ನಿಷಿಯನ್. ಅವತ್ತು ಬಲಗಣ್ಣು 101 ಮಿಲಿಸೆಕೆಂಡ್ ತೋರಿಸಿತು, ಎಡಗಣ್ಣು 138. ಆರು ತಿಂಗಳಿಗೆ ಎಡಗಣ್ಣು 121ಕ್ಕೆ ಇಳಿಯಿತು. ವರ್ಷಕ್ಕೆ 117. ಆಮೇಲೆ ಅಲ್ಲೇ ನಿಂತಿತು.

"ನೂರಕ್ಕೆ ಯಾವಾಗ ಬರುತ್ತೆ ಸರ್? ಮಯಲಿನ್ ಬೆಳೆಸೋ ಮಾತ್ರೆ ಯಾವುದಾದ್ರೂ ಇದೆಯಾ?"

ಈ ಪ್ರಶ್ನೆಯನ್ನು ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಮಾತ್ರೆಯ ಮಾತು ಆಮೇಲಿನದು. ರಿಪೇರಿ ಯಾವ ಹಂತದಲ್ಲಿ ನಿಂತಿದೆ ಅನ್ನುವುದು ಮೊದಲು ಗೊತ್ತಾಗಬೇಕು. ಮೋಟಾರ್ ತಿರುಗುತ್ತಿಲ್ಲ ಎಂದ ಕೂಡಲೇ ಹೊಸ ವೈಂಡಿಂಗ್ ಹಾಕುವ ಮೆಕ್ಯಾನಿಕ್ ಹತ್ತಿರ ಯಾರೂ ಎರಡನೇ ಸಲ ಹೋಗುವುದಿಲ್ಲ, ಅಲ್ವಾ?

ಮೊದಲು ಮೀಟರ್ ಸರಿ ಇದೆಯಾ ನೋಡಿ

ವಿಇಪಿ ಅಂದರೆ ಇಷ್ಟೇ. ಪರದೆಯ ಮೇಲೆ ಚದುರಂಗದ ಮಣೆಯಂಥ ಕಪ್ಪು-ಬಿಳಿ ಚೌಕಗಳು ಸೆಕೆಂಡಿಗೆ ಎರಡು ಸಲ ಅದಲು ಬದಲಾಗುತ್ತವೆ. ರೋಗಿ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ತಲೆಯ ಹಿಂಬದಿಯಲ್ಲಿ, ಕೈಗೆ ಸಿಗುವ ಆ ಮೂಳೆಯ ಉಬ್ಬಿನಿಂದ ಸ್ವಲ್ಪ ಮೇಲೆ, ಪೇಸ್ಟ್ ಹಚ್ಚಿ ಒಂದು ಎಲೆಕ್ಟ್ರೋಡ್ ಅಂಟಿಸುತ್ತೇವೆ. ನೂರಾರು ಸಲದ ಸರಾಸರಿ ತೆಗೆದರೆ ಒಂದು ಗುಡ್ಡದಂಥ ಅಲೆ ಮೂಡುತ್ತದೆ. ಆರೋಗ್ಯವಂತರಲ್ಲಿ ಅದರ ತುದಿ 100 ಮಿಲಿಸೆಕೆಂಡಿನ ಆಸುಪಾಸು. ಅದಕ್ಕೇ ಅದರ ಹೆಸರು ಪಿ100. ಆಪ್ಟಿಕ್ ನ್ಯೂರೈಟಿಸ್ ಆದ ಕಣ್ಣಿನಲ್ಲಿ ಈ ಅಲೆ ತಡವಾಗುತ್ತದೆ ಎಂದು 1972ರಲ್ಲಿ ಲಂಡನ್ನಿನ ಹ್ಯಾಲಿಡೇ ಮತ್ತು ಸಂಗಡಿಗರು ತೋರಿಸಿದರು. ನನ್ನ ಕೆಲಸ ಹುಟ್ಟಿದ್ದೇ ಆಗ ಎನ್ನಬಹುದು.

ಸುಳ್ಳು ತಡಗಳು ಬೇಕಾದಷ್ಟಿವೆ. ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡದು ಕೊಬ್ಬರಿ ಎಣ್ಣೆ. ಟೆಸ್ಟಿಗೆ ಹೋಗುವ ದಿನ ಅಮ್ಮ ಪ್ರೀತಿಯಿಂದ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿ ಕಳಿಸಿರುತ್ತಾರೆ. ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ತಡೆ 5 ಕಿಲೋ ಓಮಿಗಿಂತ ಕಮ್ಮಿ ಇರಬೇಕು. ಎಣ್ಣೆ ತಲೆಯಲ್ಲಿ ಅದು 20, 30 ತೋರಿಸುತ್ತದೆ, ಅಲೆ ಪೂರ್ತಿ ಗಲೀಜು. ಸ್ಪಿರಿಟ್ ಹಾಕಿ ಉಜ್ಜಿ ಉಜ್ಜಿ ನನ್ನ ಕೈ ಒಣಗಿ ಹೋಗಿದೆ.

ಎರಡನೆಯದು ಕನ್ನಡಕ. ಒಮ್ಮೆ ಒಬ್ಬ ಹಿರಿಯರು ಎರಡೂ ಕಣ್ಣಿಗೆ 120ರ ಮೇಲೆ ತೋರಿಸಿದರು. ಎದ್ದು ಹೋಗುವಾಗ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. "ಯಜಮಾನ್ರೇ, ಸ್ವಲ್ಪ ಕೂತ್ಕೊಳ್ಳಿ" ಎಂದು ಮತ್ತೆ ಕೂರಿಸಿ ಮಾಡಿದೆ. ಎಲ್ಲ ಸರಿ ಇತ್ತು. ಚೌಕದ ಅಂಚು ಮಸುಕಾಗಿ ಕಂಡರೆ ಸಾಕು, ಅಲೆ ತಡವಾಗುತ್ತದೆ. ಕಣ್ಣಿನ ಪೊರೆ ಇದ್ದರೂ ಹಾಗೆ. ಬೆಳಿಗ್ಗೆ ರೆಟಿನಾ ನೋಡಲು ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಪಾಪೆ ಅಗಲವಾಗಿದ್ದರೂ ಹಾಗೆ. ತೂಕಡಿಸಿದರಂತೂ ಅಲೆಯೇ ಬರುವುದಿಲ್ಲ.

ಆದ್ದರಿಂದ ಪ್ರತಿ ಕಣ್ಣಿಗೂ ಎರಡೆರಡು ಸಲ ತೆಗೆಯಬೇಕು. ಎರಡೂ ಅಲೆ ಒಂದರ ಮೇಲೊಂದು ಕೂತರೆ ಮಾತ್ರ ನಂಬಬೇಕು. ನಿಮ್ಮ ರಿಪೋರ್ಟಿನಲ್ಲಿ ಒಂದೇ ಗೆರೆ ಇದ್ದರೆ ಕೇಳಿ.

ತಡವೋ, ಕುಗ್ಗಿದ್ದೋ?

ಅಲೆಯಲ್ಲಿ ನೋಡಬೇಕಾದ್ದು ಎರಡು. ಎಷ್ಟು ಹೊತ್ತಿಗೆ ಬಂತು, ಎಷ್ಟು ಎತ್ತರ ಬಂತು. ಈ ಎರಡನ್ನು ಬೆರೆಸಿಬಿಟ್ಟರೆ ಮುಂದಿನ ಹುಡುಕಾಟವೆಲ್ಲ ದಾರಿ ತಪ್ಪುತ್ತದೆ.

ತಡವಾದರೆ ಹೊದಿಕೆ ಹೋಗಿದೆ, ಎಳೆ ಬದುಕಿದೆ ಎಂದುಕೊಳ್ಳಿ. ಮಯಲಿನ್ ಎಂದರೆ ನರದ ಎಳೆಗೆ, ಅಂದರೆ ಆಕ್ಸಾನಿಗೆ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಸುತ್ತಿದ ಕೊಬ್ಬಿನ ಹೊದಿಕೆ. ಅದು ಉದ್ದಕ್ಕೂ ಒಂದೇ ಕೊಳವೆಯಲ್ಲ, ತುಂಡು ತುಂಡಾಗಿರುತ್ತದೆ. ಎರಡು ತುಂಡಿನ ನಡುವೆ ಚೂರು ಜಾಗ ಬರಿದಾಗಿರುತ್ತದೆ. ಅದಕ್ಕೆ ರಾನ್ವಿಯೇ ಗಂಟು ಎನ್ನುತ್ತಾರೆ. ಸಿಗ್ನಲ್ ಗಂಟಿನಿಂದ ಗಂಟಿಗೆ ಜಿಗಿಯುತ್ತದೆ. ಮೈಯಲ್ಲಿನ ದಪ್ಪ ನರಗಳಲ್ಲಿ ಈ ಜಿಗಿತದ ವೇಗ ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಹುಟ್ಟಿನಿಂದಲೇ ಹೊದಿಕೆ ಇಲ್ಲದ ಸಣ್ಣ ನರಗಳಲ್ಲಿ 1 ಮೀಟರಿನ ಆಸುಪಾಸು. ಹೊದಿಕೆ ಕಿತ್ತುಹೋದ ಜಾಗದಲ್ಲಿ ಸಿಗ್ನಲ್ ತೆವಳುತ್ತದೆ, ಇಲ್ಲವೇ ಅಲ್ಲೇ ಸತ್ತುಹೋಗುತ್ತದೆ.

ಎತ್ತರ ಕುಗ್ಗಿದರೆ ಕಥೆ ಬೇರೆ. ತಲುಪಿದ ಎಳೆಗಳೇ ಕಮ್ಮಿ ಎಂದರ್ಥ. ಕಾಯಿಲೆ ಬಂದ ಮೊದಲ ವಾರಗಳಲ್ಲಿ ಊತದಿಂದ ಸಿಗ್ನಲ್ ಕಟ್ಟಿಹೋಗಿರಬಹುದು, ಅದು ಬಿಡುತ್ತದೆ. ತಿಂಗಳುಗಳಾದ ಮೇಲೂ ಗುಡ್ಡ ಏಳದಿದ್ದರೆ ಎಳೆಗಳೇ ಹೋಗಿವೆ ಎಂಬ ಅನುಮಾನ. ಆಗ ಕಣ್ಣಿನ ಓಸಿಟಿ ಸ್ಕ್ಯಾನ್ ಜೊತೆ ಇಟ್ಟು ನೋಡಬೇಕು. ರೆಟಿನಾದ ನರದ ಪದರ ತೆಳ್ಳಗಾಗಿದ್ದರೆ ಅನುಮಾನ ಖಚಿತ.

ನಮ್ಮ ಹುಡುಗಿಯ ಎಡಗಣ್ಣಿನ ಅಲೆ ತಡ, ಆದರೆ ಎತ್ತರ ಬಲಗಣ್ಣಿಗೆ ಹತ್ತಿರ ಹತ್ತಿರ. ಒಳ್ಳೆಯ ಸುದ್ದಿ. ಆದರೆ ಅವಳಿಗೆ 117 ಮಾತ್ರ ಕಾಣುತ್ತಿತ್ತು.

ಇನ್ನೊಂದು ಮಾತು. "ಹಂಡೆ ಬಿಸಿನೀರಲ್ಲಿ ಸ್ನಾನ ಮಾಡಿ ಬಂದ್ರೆ ಆ ಕಣ್ಣು ಮತ್ತೆ ಮಂಜಾಗುತ್ತೆ ಸರ್, ಅರ್ಧ ಗಂಟೆಗೆ ಸರಿಹೋಗುತ್ತೆ" ಎಂದು ತುಂಬ ಜನ ಹೇಳುತ್ತಾರೆ. ಇದು ಹೊಸ ದಾಳಿ ಅಲ್ಲ. ಹೊದಿಕೆ ತೆಳ್ಳಗಿರುವ ಎಳೆಗೆ ಮೈ ಸ್ವಲ್ಪ ಬಿಸಿಯಾದರೂ ಸಿಗ್ನಲ್ ದಾಟಿಸುವುದು ಕಷ್ಟ. ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ ಇದನ್ನು 1890ರಲ್ಲೇ ಬರೆದಿಟ್ಟಿದ್ದಾರೆ. ತಣ್ಣಗಾದರೆ ಸರಿಹೋಗುವುದು ಹಳೇ ಗಾಯದ ಗುರುತು. ಒಂದು ದಿನ ಕಳೆದರೂ ಸರಿಹೋಗದಿದ್ದರೆ ಡಾಕ್ಟರ ಹತ್ತಿರ ಓಡಿ.

ಹೊದಿಕೆ ಕಿತ್ತದ್ದು ಯಾರು?

ಕಿತ್ತವನು ಇನ್ನೂ ಅಲ್ಲೇ ಕೂತಿದ್ದರೆ ರಿಪೇರಿ ಮಾಡಿ ಪ್ರಯೋಜನವಿಲ್ಲ. ಈ ಹೆಜ್ಜೆಯನ್ನು ಹಾರಿಸುವವರೇ ಜಾಸ್ತಿ. ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ದೇಹದ ರಕ್ಷಣಾ ಪಡೆಯೇ ಮಿದುಳು, ಬೆನ್ನುಹುರಿಯ ಮಯಲಿನ್ ಮೇಲೆ ದಾಳಿ ಮಾಡುವ ಕಾಯಿಲೆ. ಆದರೆ ಎಂಆರ್‌ಐನಲ್ಲಿ ಬಿಳಿ ಮಚ್ಚೆ ಕಂಡರೆ ಎಲ್ಲವೂ ಎಂಎಸ್ ಅಲ್ಲ.

ಬಿ12 ಮೊದಲು ನೋಡಿಸಿ. ಸುಮ್ನೆ ಹೇಳುತ್ತಿಲ್ಲ. ಹಾಲು ಮೊಸರು ಕೂಡ ಕಮ್ಮಿ ತಿನ್ನುವ ಸಸ್ಯಾಹಾರಿ ಮನೆಗಳಲ್ಲಿ ಇದರ ಕೊರತೆ ಮಾಮೂಲು. ಬಿ12 ಇಲ್ಲದೆ ಮಯಲಿನ್ ಗಟ್ಟಿಯಾಗಿ ಉಳಿಯುವುದಿಲ್ಲ. ಬೆನ್ನುಹುರಿಯ ಹಿಂಭಾಗ ಹಾಳಾಗಿ ಕಾಲು ಜೋಮು ಹಿಡಿಯುತ್ತದೆ, ಕತ್ತಲಲ್ಲಿ ನಡೆದರೆ ತೂರಾಡುವಂತಾಗುತ್ತದೆ. ಬೇಗ ಹಿಡಿದರೆ ಇಂಜೆಕ್ಷನ್ನಿನಲ್ಲಿ ಹಿಂದಕ್ಕೆ ಬರುವ ಕಾಯಿಲೆ ಇದು. ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರಲ್ಲೂ ಬಿ12 ಇಳಿಯುತ್ತದೆ. ಈ ಮೆಟ್‌ಫಾರ್ಮಿನ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಂದು ವೇಷದಲ್ಲಿ ಬರುತ್ತದೆ.

ಆಮೇಲೆ ಎನ್ಎಂಒ, ಅಂದರೆ ನ್ಯೂರೋಮಯಲೈಟಿಸ್ ಆಪ್ಟಿಕಾ. ಇದೂ ಆಪ್ಟಿಕ್ ನ್ಯೂರೈಟಿಸ್ ಕೊಡುತ್ತದೆ, ಎಂಎಸ್ ಥರವೇ ಕಾಣುತ್ತದೆ. ಆದರೆ ಇಲ್ಲಿ ದಾಳಿ ಮೊದಲು ಬೀಳುವುದು ಆಸ್ಟ್ರೋಸೈಟ್ ಎಂಬ ಕೋಶದ ಮೇಲೆ, ಅದರ ನೀರಿನ ಬಾಗಿಲಾದ ಅಕ್ವಾಪೋರಿನ್-4ರ ಮೇಲೆ. ಮಯಲಿನ್ ಆಮೇಲೆ ಕುಸಿಯುತ್ತದೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್ ಇದಕ್ಕೆ ಕೊಟ್ಟರೆ ಜಾಸ್ತಿಯೇ ಆಗಬಹುದು. ರಕ್ತದಲ್ಲಿ ಅಕ್ವಾಪೋರಿನ್-4 ಮತ್ತು ಮಾಗ್ (ಮಯಲಿನ್ ಮೇಲಿನ ಒಂದು ಪ್ರೋಟೀನ್) ಎರಡರ ಆಂಟಿಬಾಡಿಯನ್ನೂ ನೋಡಿಸಿದ ಮೇಲೇ ಮುಂದಿನ ಮಾತು. ಈ ಕಾಯಿಲೆಗಳು ನಮ್ಮಲ್ಲಿ ತೀರಾ ಅಪರೂಪ ಎಂದು ಹಿಂದೆ ಅಂದುಕೊಂಡಿದ್ದರು. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಊರಿನ ರೋಗಿಗಳನ್ನು ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿತು. ಎಂಎಸ್ ಲಕ್ಷಕ್ಕೆ ಸುಮಾರು 8 ಜನರಲ್ಲಿ. ಎನ್ಎಂಒ ಅದಕ್ಕಿಂತ ಕಮ್ಮಿ, ಆದರೆ ಇದೆ.

ಕೈಕಾಲಿನ ನರದ ತೊಂದರೆ, ಜಿಬಿಎಸ್ (ಗಿಯಾನ್-ಬಾರೆ ಸಿಂಡ್ರೋಮ್) ಅಂಥದ್ದು, ಬೇರೆ ಇಲಾಖೆ. ಅಲ್ಲಿ ಹೊದಿಕೆ ಸುತ್ತುವುದು ಶ್ವಾನ್ ಕೋಶ. ಒಂದು ಕೋಶಕ್ಕೆ ಒಂದೇ ತುಂಡು, ಕಸ ಬೇಗ ತೆಗೆಯುತ್ತದೆ, ರಿಪೇರಿ ಚುರುಕು. ಮಿದುಳು, ಬೆನ್ನುಹುರಿ, ಕಣ್ಣಿನ ನರದ ಕೆಲಸ ಅಷ್ಟು ಸಲೀಸಲ್ಲ.

ರಿಪೇರಿ ಆಗುತ್ತದೆ ಎಂದು ಯಾರು ಹೇಳಿದರು?

ಬೆಕ್ಕು ಹೇಳಿತು. ದೊಡ್ಡವರ ಮಿದುಳಿನಲ್ಲಿ ಮಯಲಿನ್ ಮತ್ತೆ ಬೆಳೆಯುವುದಿಲ್ಲ ಎಂಬ ಮಾತಿತ್ತು. 1961ರಲ್ಲಿ ಅಮೆರಿಕದ ಬಂಜ್ ದಂಪತಿ ಮತ್ತು ರಿಸ್, ಬೆಳೆದ ಬೆಕ್ಕಿನ ಬೆನ್ನುಹುರಿಯಲ್ಲಿ ಹೊದಿಕೆ ಕಳಚುವಂತೆ ಮಾಡಿ, ತಿಂಗಳುಗಳ ನಂತರ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಎಳೆಗಳ ಮೇಲೆ ಹೊಸ ಹೊದಿಕೆ ಇತ್ತು, ತೆಳ್ಳಗೆ.

ಮನುಷ್ಯರಲ್ಲೂ ಇದೆ. ಎಂಎಸ್ ಇದ್ದು ತೀರಿಕೊಂಡ 51 ಜನರ ಮಿದುಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2006ರಲ್ಲಿ ಬಂತು. ಐವರಲ್ಲಿ ಒಬ್ಬರಿಗೆ ಗಾಯವಾದ ಜಾಗದ 60ರಿಂದ 96 ಶೇಕಡಾ ಮತ್ತೆ ಹೊದಿಕೆ ಕಟ್ಟಿಕೊಂಡಿತ್ತು. ಅಂಥ ಜಾಗ ಬಣ್ಣ ಹಾಕಿದಾಗ ಪೂರ್ತಿ ಬಿಳಿಯೂ ಅಲ್ಲ, ಪೂರ್ತಿ ನೀಲಿಯೂ ಅಲ್ಲ, ಮಬ್ಬಾಗಿ ಕಾಣುತ್ತದೆ. ನೆರಳು ಮಚ್ಚೆ ಎನ್ನುತ್ತಾರೆ.

ಅಂದರೆ ದೇಹಕ್ಕೆ ಈ ಕೆಲಸ ಬರುತ್ತದೆ. ಕೆಲವರಲ್ಲಿ ಚೆನ್ನಾಗಿ ನಡೆಯುತ್ತದೆ, ಕೆಲವರಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ನಿಂತದ್ದು ಎಲ್ಲಿ ಎಂದು ಒಂದೊಂದಾಗಿ ನೋಡೋಣ.

ಕಸ ತೆಗೆದಿದ್ದಾರಾ?

ಹಳೇ ಗೋಡೆಯ ಸುಣ್ಣ ಕೆರೆಯದೆ ಹೊಸ ಪೇಂಟ್ ಹೊಡೆದರೆ ನಿಲ್ಲುತ್ತದೆಯೇ? ಒಡೆದ ಮಯಲಿನ್ ಚೂರುಗಳು ಅಲ್ಲೇ ಬಿದ್ದಿದ್ದರೆ ಹೊಸ ಕೋಶ ಬಲಿಯುವುದಿಲ್ಲ. ಆ ಚೂರುಗಳಲ್ಲೇ ತಡೆಯುವ ಗುಣ ಇದೆ ಎಂದು ಕೇಂಬ್ರಿಜ್‌ನ ರಾಬಿನ್ ಫ್ರಾಂಕ್ಲಿನ್ ಗುಂಪು ಇಲಿಗಳಲ್ಲಿ ತೋರಿಸಿತು.

ಕಸ ತೆಗೆಯುವವರು ಮೈಕ್ರೋಗ್ಲಿಯಾ ಮತ್ತು ರಕ್ತದಿಂದ ಬರುವ ಮ್ಯಾಕ್ರೋಫೇಜ್. ನುಂಗುವುದು ಸುಲಭ, ಜೀರ್ಣಿಸುವುದು ಕಷ್ಟ. ಮಯಲಿನ್ ಬಹುಪಾಲು ಕೊಬ್ಬು, ಕೊಲೆಸ್ಟ್ರಾಲ್ ತುಂಬಿದ್ದು. 2018ರಲ್ಲಿ ಜರ್ಮನಿಯ ಒಂದು ತಂಡ ವಯಸ್ಸಾದ ಇಲಿಗಳಲ್ಲಿ ಈ ಕೋಶಗಳ ಒಳಗೆ ನೋಡಿತು. ನುಂಗಿದ ಕೊಲೆಸ್ಟ್ರಾಲ್ ಹೊರಗೆ ಹೋಗಲಾಗದೆ ಸೂಜಿಯಂಥ ಹರಳಾಗಿ ಕೂತಿತ್ತು. ಹರಳು ಕೋಶದ ಒಳಚೀಲವನ್ನೇ ಹರಿದು ಉರಿಯೂತ ಎಬ್ಬಿಸಿತ್ತು. ಕಸದ ಲಾರಿಯೇ ಹೊಟ್ಟೆನೋವಿನಿಂದ ರಸ್ತೆಯಲ್ಲಿ ಮಲಗಿದ ಹಾಗೆ.

ಇದಕ್ಕೂ ಹಿಂದೆ, 2012ರಲ್ಲಿ, ಇನ್ನೊಂದು ವಿಚಿತ್ರ ಪ್ರಯೋಗ ನಡೆದಿತ್ತು. ಒಂದು ಮುದಿ ಇಲಿ ಮತ್ತು ಒಂದು ಎಳೆ ಇಲಿಯ ರಕ್ತ ಓಡಾಟವನ್ನು ಜೋಡಿಸಿದರು. ಮುದಿ ಇಲಿಯ ಮಯಲಿನ್ ರಿಪೇರಿ ಚುರುಕಾಯಿತು. ಎಳೆ ಇಲಿಯ ಕೋಶಗಳು ಬಂದು ಕಸ ಬಾಚಿದ್ದೇ ಅದಕ್ಕೆ ಮುಖ್ಯ ಕಾರಣ.

ಕೆಲಸದವರು ಬಂದಿದ್ದಾರಾ?

ಮಿದುಳಿನಲ್ಲಿ ಹೊದಿಕೆ ಸುತ್ತುವ ಕೋಶದ ಹೆಸರು ಆಲಿಗೋಡೆಂಡ್ರೋಸೈಟ್. ಉದ್ದ ಹೆಸರು, ಲ್ಯಾಬಿನಲ್ಲಿ ನಾವು ಆಲಿಗೋ ಅನ್ನುತ್ತೇವೆ. ಒಂದು ಆಲಿಗೋ ತನ್ನ ಕೈಗಳನ್ನು ಚಾಚಿ 40, 50 ತುಂಡುಗಳವರೆಗೆ ಸುತ್ತಬಲ್ಲದು. ಒಂದು ಸತ್ತರೆ ಅಷ್ಟೂ ಜಾಗ ಬರಿದು.

ಹೊಸ ಆಲಿಗೋ ಆಗುವುದು ಒಪಿಸಿ ಎಂಬ ಎಳೆಯ ಕೋಶದಿಂದ. ಇವು ದೊಡ್ಡವರ ಮಿದುಳಿನಲ್ಲೂ ಎಲ್ಲ ಕಡೆ ಹರಡಿವೆ, ಒಟ್ಟು ಕೋಶಗಳಲ್ಲಿ ಸುಮಾರು 5 ಶೇಕಡಾ. ಗಾಯವಾದರೆ ಸುತ್ತಮುತ್ತಲಿನವು ಸಂಖ್ಯೆ ಹೆಚ್ಚಿಸಿಕೊಂಡು ಅಲ್ಲಿಗೆ ಬರುತ್ತವೆ. ಹೆಚ್ಚಿನ ಗಾಯಗಳಲ್ಲಿ ಬಂದೇ ಇರುತ್ತವೆ. ಈ ಹಂತದಲ್ಲಿ ದೋಷ ಸಿಗುವುದು ಕಮ್ಮಿ, ಮುಂದೆ ಹೋಗಿ.

ಬಂದವರು ಕೆಲಸ ಶುರು ಮಾಡಿದ್ದಾರಾ?

ದೋಷ ಹೆಚ್ಚಾಗಿ ಇಲ್ಲಿದೆ. 2002ರಲ್ಲಿ ಕ್ಲೀವ್‌ಲ್ಯಾಂಡಿನ ಬ್ರೂಸ್ ಟ್ರ್ಯಾಪ್ ತಂಡ ಹಳೇ ಎಂಎಸ್ ಗಾಯಗಳನ್ನು ನೋಡಿತು. ಇನ್ನೂ ಬಲಿಯದ ಆಲಿಗೋಗಳು ಅಲ್ಲೇ ಇದ್ದವು, ಬರಿದಾದ ಆಕ್ಸಾನಿನ ಪಕ್ಕಕ್ಕೇ ಕೈ ಚಾಚಿದ್ದವು. ಸುತ್ತಿರಲಿಲ್ಲ. ಮೇಸ್ತ್ರಿ ಬಂದು, ಸಿಮೆಂಟ್ ಕಲಸಿ, ಕರಣೆ ಹಿಡಿದು ಸುಮ್ನೆ ಕೂತಿದ್ದಾನೆ. ಯಾಕೆ?

ಕಾರಣ ಒಂದಲ್ಲ. ಗಾಯದಲ್ಲಿ ಹಯಲುರೋನನ್ ಎಂಬ ಅಂಟು ಪದಾರ್ಥ ಕೂಡಿಕೊಂಡು ಒಪಿಸಿಗಳನ್ನು ಬಲಿಯಲು ಬಿಡುವುದಿಲ್ಲ. ಕೋಶದ ಮೇಲಿನ ಲಿಂಗೊ-1 ಎಂಬ ಪ್ರೋಟೀನ್ ಕೂಡ ಬ್ರೇಕ್ ಹಾಕುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು 2019ರ ಇನ್ನೊಂದು ಸಂಗತಿ. ವಯಸ್ಸಾದಂತೆ ಮಿದುಳು ಸ್ವಲ್ಪ ಗಟ್ಟಿಯಾಗುತ್ತದೆ. ಒಪಿಸಿ ಆ ಗಟ್ಟಿತನವನ್ನು ಪಿಯೆಝೋ-1 ಎಂಬ ಬಾಗಿಲಿನಿಂದ ತಡವಿ ನೋಡಿ ತಾನೂ ಮುದಿಯಾಗುತ್ತದೆ. ಮುದಿ ಇಲಿಯ ಒಪಿಸಿಯನ್ನು ಎಳೆ ಇಲಿಯ ಮೆತ್ತನೆ ಮಿದುಳಿಗೆ ಹಾಕಿದರೆ ಮತ್ತೆ ಚುರುಕು! ಕೆಲಸದವನಲ್ಲಿ ತಪ್ಪಿಲ್ಲ, ಕೂತ ನೆಲ ಸರಿ ಇಲ್ಲ.

ಇದಕ್ಕೊಂದು ತಿರುವೂ ಇದೆ. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತ್ತು. 1963ರ ಒಪ್ಪಂದದ ನಂತರ ಇಳಿಯುತ್ತ ಬಂತು. ಕೋಶ ಹುಟ್ಟಿದ ವರ್ಷದ ಅಳತೆ ಅದರ ಡಿಎನ್ಎಯಲ್ಲಿ ಸೀಲು ಬಿದ್ದಂತೆ ಉಳಿಯುತ್ತದೆ. ಸ್ವೀಡನ್ನಿನ ಕರೋಲಿನ್‌ಸ್ಕಾದವರು ಎಂಎಸ್ ರೋಗಿಗಳ ನೆರಳು ಮಚ್ಚೆಗಳಲ್ಲಿ ಈ ಸೀಲು ಓದಿ 2019ರಲ್ಲಿ ಪ್ರಕಟಿಸಿದರು. ಅಲ್ಲಿದ್ದ ಆಲಿಗೋಗಳು ಹೊಸವಲ್ಲ, ಹಳಬರೇ! ದಾಳಿಯಲ್ಲಿ ಬದುಕುಳಿದ ಹಳೇ ಕೋಶಗಳೇ ಮತ್ತೆ ಕೈ ಚಾಚಿ ಸುತ್ತಿರಬೇಕು. ಇಲಿಯಲ್ಲಿ ಹೊಸಬರು ಬಂದು ಕಟ್ಟುತ್ತಾರೆ, ಮನುಷ್ಯರಲ್ಲಿ ಉಳಿದ ಹಳಬರ ಪಾಲೂ ದೊಡ್ಡದು ಎಂದಾಯಿತು. ಹಾಗಾದರೆ ಹೊಸಬರನ್ನು ಎಬ್ಬಿಸುವಷ್ಟೇ ಮುಖ್ಯ, ಇರುವವರನ್ನು ಸಾಯದಂತೆ ಕಾಯುವುದು.

ಎಳೆ ಬದುಕಿದೆಯಾ?

ಹೊದಿಕೆ ಬರೀ ಪ್ಲಾಸ್ಟಿಕ್ ಇನ್ಸುಲೇಶನ್ ಆಗಿದ್ದರೆ ಕಥೆ ಸುಲಭವಿತ್ತು. ವೈರಿನ ಹೋಲಿಕೆ ಇಲ್ಲಿ ಮುರಿಯುತ್ತದೆ. ಆಲಿಗೋ ಆಕ್ಸಾನಿಗೆ ಊಟ ಹಾಕುತ್ತದೆ, ಲ್ಯಾಕ್ಟೇಟ್ ರೂಪದಲ್ಲಿ. 2012ರಲ್ಲಿ ಇದು ಗಟ್ಟಿಯಾಗಿ ಗೊತ್ತಾಯಿತು. ಹೊದಿಕೆ ಇಲ್ಲದ ಆಕ್ಸಾನ್ ಒಂದು ಕಡೆ ಹಸಿದಿರುತ್ತದೆ, ಇನ್ನೊಂದು ಕಡೆ ಸಿಗ್ನಲ್ ಕಳಿಸಲು ದುಪ್ಪಟ್ಟು ದುಡಿಯುತ್ತಿರುತ್ತದೆ. ಬಹಳ ದಿನ ತಡೆಯುವುದಿಲ್ಲ.

ದಾಳಿ ನಡೆಯುತ್ತಿರುವಾಗಲೇ ಎಳೆಗಳು ತುಂಡಾಗುವುದೂ ಇದೆ. 1998ರಲ್ಲಿ ಟ್ರ್ಯಾಪ್ ಅವರ ತಂಡ ಎಣಿಸಿತು. ದಾಳಿ ಇನ್ನೂ ನಡೆಯುತ್ತಿರುವ ಗಾಯದ ಒಂದು ಘನ ಮಿಲಿಮೀಟರಿನಲ್ಲಿ 11,000ಕ್ಕೂ ಹೆಚ್ಚು ಕತ್ತರಿಸಿದ ಆಕ್ಸಾನುಗಳು. ಆರೋಗ್ಯವಂತ ಮಿದುಳಿನ ಅಷ್ಟೇ ಜಾಗದಲ್ಲಿ ಒಂದೂ ಸಿಗುವುದು ಕಷ್ಟ. ಎಳೆಯೇ ಇಲ್ಲದ ಮೇಲೆ ಸುತ್ತುವುದು ಯಾವುದಕ್ಕೆ? ಅಲೆಯ ಎತ್ತರ ಕುಗ್ಗಿ, ಓಸಿಟಿ ತೆಳ್ಳಗಾಗಿ, ವರ್ಷಗಳಾಗಿದ್ದರೆ ಮಯಲಿನ್ ಮಾತ್ರೆ ಹುಡುಕಿ ಪ್ರಯೋಜನ ಕಮ್ಮಿ. ಇದನ್ನು ರೋಗಿಯ ಮುಖ ನೋಡಿ ಹೇಳುವುದು ಡಾಕ್ಟರ ಪಾಲಿಗೆ ಬರುತ್ತದೆ, ಸದ್ಯ ನನ್ನ ಪಾಲಿಗಲ್ಲ.

ರಿಪೇರಿ ಮುಗಿದೇ ಇದೆಯಾ?

ಇದನ್ನು ಯಾರೂ ನೋಡುವುದಿಲ್ಲ. ಹೊಸ ಹೊದಿಕೆ ಹಳೆಯದರ ಥರ ಇರುವುದಿಲ್ಲ. ತೆಳ್ಳಗಿರುತ್ತದೆ, ತುಂಡುಗಳು ಗಿಡ್ಡವಾಗಿರುತ್ತವೆ. ತುಂಡು ಗಿಡ್ಡವಾದರೆ ಗಂಟುಗಳು ಜಾಸ್ತಿ. ನಾನ್‌ಸ್ಟಾಪ್ ಬಸ್ಸಿನ ಜಾಗಕ್ಕೆ ಶಟಲ್ ಬಸ್ ಬಂದ ಹಾಗೆ. ಊರು ತಲುಪುತ್ತದೆ, ಎಲ್ಲ ಸ್ಟಾಪಲ್ಲೂ ನಿಂತು ತಲುಪುತ್ತದೆ.

ಮತ್ತೆ ಬೆಕ್ಕುಗಳ ಕಥೆ. ಹೆಚ್ಚು ಪ್ರಮಾಣದ ವಿಕಿರಣ ಹಾಯಿಸಿದ ಆಹಾರ ತಿಂದ ಬೆಕ್ಕುಗಳು ತಿಂಗಳುಗಳ ನಂತರ ಹಿಂಗಾಲು ಎಳೆಯಲು ಶುರು ಮಾಡಿದವು. ಬೆನ್ನುಹುರಿಯ ಮಯಲಿನ್ ದೊಡ್ಡ ಪ್ರಮಾಣದಲ್ಲಿ ಹೋಗಿತ್ತು. ಮಾಮೂಲಿ ಆಹಾರಕ್ಕೆ ಬದಲಾಯಿಸಿದ ಮೇಲೆ ನಿಧಾನಕ್ಕೆ ನಡೆದವು. ವಿಸ್ಕಾನ್ಸಿನ್ನಿನ ಇಯಾನ್ ಡಂಕನ್ ಅವುಗಳ ಬೆನ್ನುಹುರಿ ನೋಡಿ 2009ರಲ್ಲಿ ಬರೆದರು: ಎಲ್ಲೆಲ್ಲೂ ಹೊಸ ತೆಳು ಮಯಲಿನ್. ದಪ್ಪಗಾಗಿರಲಿಲ್ಲ, ಆದರೂ ಬೆಕ್ಕು ನಡೆದಾಡುತ್ತಿತ್ತು. ಆಮೇಲಿನ ಅಧ್ಯಯನದಲ್ಲಿ ಒಂದೇ ಆಕ್ಸಾನಿನ ಮೇಲೆ ದಪ್ಪ ತುಂಡಿನ ಪಕ್ಕದಲ್ಲೇ ತೆಳು ತುಂಡು ಸಿಕ್ಕಿತು. ದಪ್ಪದ್ದು ಹಳೆಯದು, ತೆಳ್ಳನೆಯದು ಹೊಸದು.

ಹೀಗಾಗಿ 117ಕ್ಕೆ ನಿಂತ ಅಲೆ ಎಂದರೆ ರಿಪೇರಿ ನಿಂತಿದೆ ಎಂದೇ ಅಲ್ಲ. ಮುಗಿದಿರಲೂಬಹುದು. ಬೋರ್ಡಿನ ಸಣ್ಣಕ್ಷರ ಓದುತ್ತೀರಾ, ಬಣ್ಣ ಗೊತ್ತಾಗುತ್ತದಾ ಎಂದು ಅಲೆಯ ಜೊತೆಗೇ ಕೇಳಬೇಕು. ಮಾಮೂಲಿ ಎಂಆರ್‌ಐ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಬಿಳಿ ಮಚ್ಚೆ ಬರಿದಾಗಿದೆಯೋ, ಮತ್ತೆ ಸುತ್ತಿಕೊಂಡಿದೆಯೋ ಅದರಲ್ಲಿ ಗೊತ್ತಾಗುವುದಿಲ್ಲ.

ಮಾತ್ರೆಗಳ ಕಥೆ

ಮಯಲಿನ್ ಬೆಳೆಸುತ್ತದೆ ಎಂದು ಮಂಜೂರಾದ ಔಷಧಿ ಇವತ್ತಿಗೆ ಒಂದೂ ಇಲ್ಲ. ಹತ್ತಿರ ಬಂದವು ಕೆಲವಿವೆ.

ಕ್ಲೆಮಾಸ್ಟೀನ್ ಹಳೇ ಕಾಲದ ಅಲರ್ಜಿ ಮಾತ್ರೆ. ಸ್ಯಾನ್ ಫ್ರಾನ್ಸಿಸ್ಕೋದ ಜೋನಾ ಚಾನ್ ತಂಡ ಅದನ್ನು ಹುಡುಕಿದ ರೀತಿ ಸೊಗಸಾಗಿದೆ. ಗಾಜಿನಂಥ ತಟ್ಟೆಯಲ್ಲಿ ಸಾಲು ಸಾಲು ಸೂಕ್ಷ್ಮ ಗೋಪುರಗಳನ್ನು ಮಾಡಿದರು. ಅವುಗಳ ಮೇಲೆ ಒಪಿಸಿ ಬಿಟ್ಟು, ಸುಮಾರು ಸಾವಿರ ಔಷಧಿಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಕೋಶ ಗೋಪುರಕ್ಕೆ ಸುತ್ತಿಕೊಂಡರೆ ಮೇಲಿನಿಂದ ಬಳೆಯಂತೆ ಉಂಗುರ ಕಾಣುತ್ತದೆ. ಉಂಗುರ ಎಣಿಸಿದರೆ ಆಯಿತು. 2017ರಲ್ಲಿ 50 ಎಂಎಸ್ ರೋಗಿಗಳ ಮೇಲೆ ಪ್ರಯೋಗ ಪ್ರಕಟವಾಯಿತು. ಅಳೆದದ್ದು ನನ್ನ ಟೆಸ್ಟಿನಲ್ಲೇ, ವಿಇಪಿ. ಕಣ್ಣೊಂದಕ್ಕೆ ಸರಾಸರಿ 1.7 ಮಿಲಿಸೆಕೆಂಡ್ ಇಳಿಯಿತು.

ಈ 1.7 ನೋಡಿ ಕುಣಿಯಬೇಡಿ. 50 ಜನರ ಸರಾಸರಿಯಲ್ಲಿ ಅದು ನಿಜವಾದ ಬದಲಾವಣೆ. ಆದರೆ ಒಬ್ಬರಿಗೆ ಇವತ್ತು, ನಾಳೆ ಎರಡು ಸಲ ಟೆಸ್ಟ್ ಮಾಡಿದರೂ ಅಷ್ಟು ವ್ಯತ್ಯಾಸ ಸುಮ್ನೆ ಬರುತ್ತದೆ. ನಿಮ್ಮ ಅಲೆ 2 ಮಿಲಿಸೆಕೆಂಡ್ ಇಳಿದರೆ ಮಾತ್ರೆಯ ಗುಣವೋ, ಅವತ್ತು ಎಣ್ಣೆ ಹಚ್ಚದೆ ಬಂದದ್ದೋ ನಾನು ಹೇಳಲಾರೆ. ಮಾತ್ರೆ ತಿಂದವರಿಗೆ ಸುಸ್ತು ಜಾಸ್ತಿಯಾಯಿತು. ಆಮೇಲೆ ಅಮೆರಿಕದ ಎನ್‌ಐಎಚ್‌ನ ಒಂದು ಚಿಕ್ಕ ಪ್ರಯೋಗದಲ್ಲಿ, ನಿಧಾನಕ್ಕೆ ಏರುವ ಬಗೆಯ ಎಂಎಸ್ ಇದ್ದ ಕೆಲವರ ಸ್ಥಿತಿ ಕ್ಲೆಮಾಸ್ಟೀನ್ ತಿನ್ನುವಾಗ ಬೇಗ ಕೆಟ್ಟಿತು ಎಂದು ಆ ಭಾಗವನ್ನೇ ನಿಲ್ಲಿಸಿದರು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ತಿನ್ನುವ ಮಾತ್ರೆ ಇದಲ್ಲ.

ಬೆಕ್ಸರೋಟಿನ್ ಎಂಬುದನ್ನು ಬ್ರಿಟನ್ನಿನಲ್ಲಿ ನೋಡಿದರು, 2021ರಲ್ಲಿ ಫಲಿತಾಂಶ ಬಂತು. ಅಲೆ ಸ್ವಲ್ಪ ಚುರುಕಾಯಿತು, ಆದರೆ ತಿಂದ 26 ಜನಕ್ಕೂ ಥೈರಾಯ್ಡ್ ಕುಸಿಯಿತು. ಕೈಬಿಟ್ಟರು. ಲಿಂಗೊ-1 ಬ್ರೇಕ್ ತೆಗೆಯುವ ಒಪಿಸಿನುಮಾಬ್ ದೊಡ್ಡ ಪ್ರಯೋಗದಲ್ಲಿ ಸೋತಿತು. ಭಾರೀ ಡೋಸಿನ ಬಯೋಟಿನ್ ಕೂಡ 2020ರಲ್ಲಿ ಸೋತಿತು. ಬಯೋಟಿನ್ ಜಾಸ್ತಿ ತಿಂದರೆ ಥೈರಾಯ್ಡ್ ಮುಂತಾದ ರಕ್ತ ಪರೀಕ್ಷೆಗಳು ಸುಳ್ಳು ಲೆಕ್ಕ ತೋರಿಸುತ್ತವೆ. ಮತ್ತೆ ಮೀಟರ್ ತೊಂದರೆ!

ಈಗ ಮೆಟ್‌ಫಾರ್ಮಿನ್. ಶುಗರ್ ಮಾತ್ರೆ. ಮುದಿ ಇಲಿಗಳ ಒಪಿಸಿಗಳನ್ನು ಇದು ಮತ್ತೆ ಎಳೆಯದಾಗಿಸುತ್ತದೆ ಎಂದು 2019ರಲ್ಲಿ ಕಂಡಿತು. ಒಂದು ದಿನ ಬಿಟ್ಟು ಒಂದು ದಿನ ಉಪವಾಸ ಹಾಕಿದರೂ ಹಾಗೇ ಆಯಿತು. ಏಕಾದಶಿ ಮಾಡುವವರು ಖುಷಿ ಪಡುವ ಮುನ್ನ ನೆನಪಿರಲಿ, ಅದು ಇಲಿ. ಕೇಂಬ್ರಿಜ್‌ನಲ್ಲಿ ಮೆಟ್‌ಫಾರ್ಮಿನ್ ಮತ್ತು ಕ್ಲೆಮಾಸ್ಟೀನ್ ಜೋಡಿಯನ್ನು 70 ಎಂಎಸ್ ರೋಗಿಗಳ ಮೇಲೆ ಆರು ತಿಂಗಳು ನೋಡಿದರು. 2025ರಲ್ಲಿ ಫಲಿತಾಂಶ ಹೇಳಿದರು. ವಿಇಪಿಯಲ್ಲಿ ವ್ಯತ್ಯಾಸ ಒಂದು ಮಿಲಿಸೆಕೆಂಡಿನ ಆಸುಪಾಸು. ದಾರಿ ಇದೆ, ಆದರೆ ರೋಗಿಗೆ ಅದು ಕಣ್ಣಿಗೆ ಕಾಣುವಷ್ಟಲ್ಲ. ಮತ್ತು ಈ ಮೆಟ್‌ಫಾರ್ಮಿನ್ ಬಿ12 ಇಳಿಸುತ್ತದೆ ಎಂದೆನಲ್ಲ. ಒಂದು ಕೈಯಲ್ಲಿ ಮಯಲಿನ್ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳದಂತೆ ನೋಡಿಕೊಳ್ಳಬೇಕು.

ಇವತ್ತಿಗೆ ನಿಜವಾಗಿ ಕೈಯಲ್ಲಿರುವುದು ದಾಳಿ ನಿಲ್ಲಿಸುವ ಔಷಧಿಗಳು. ಅವು ಮಯಲಿನ್ ಬೆಳೆಸುವುದಿಲ್ಲ. ಉಳಿದ ಹಳಬರನ್ನು ಕಾಯುತ್ತವೆ, ಮೇಸ್ತ್ರಿ ಸುತ್ತಿದ್ದನ್ನು ಮತ್ತೆ ಕಿತ್ತುಹಾಕಲು ಬಿಡುವುದಿಲ್ಲ. ಹೊಸ ಮಾತ್ರೆಯ ಆಸೆಗೆ ಇವನ್ನು ನಿಲ್ಲಿಸಿ ಬರುವವರನ್ನು ನೋಡಿದಾಗ ನನಗೆ ಹೊಟ್ಟೆ ಕಿವುಚುತ್ತದೆ. ಸಿಗರೇಟು ಮಾತ್ರ ಇವತ್ತೇ ಬಿಡಬಹುದು, ಎಂಎಸ್ ಬೇಗ ಕೆಡುವುದರಲ್ಲಿ ಅದರ ಕೈ ಇದೆ.

ಆ ಹುಡುಗಿ

ಮೂರನೇ ವರ್ಷ ಬಂದಳು. ಬಲ 101, ಎಡ 116. ಎತ್ತರ ಎರಡೂ ಕಡೆ ಸರಿಸಮ. ಬಿ12 ಸರಿ ಇತ್ತು, ಆಂಟಿಬಾಡಿ ಎರಡೂ ಇರಲಿಲ್ಲ, ಹೊಸ ಮಚ್ಚೆ ಬಂದಿರಲಿಲ್ಲ. ಬೋರ್ಡಿನಲ್ಲಿ ಎಡಗಣ್ಣಿಂದಲೂ ಕೊನೇ ಸಾಲು ಓದಿದಳು.

"ನೋಡಮ್ಮ, ಇದು ನೂರಕ್ಕೆ ಬರದೇ ಇರಬಹುದು" ಅಂದೆ. "ನಿನ್ನ ನರ ತನ್ನ ಕೆಲಸ ಮುಗಿಸಿದೆ ಅನ್ಸುತ್ತೆ. ಡಾಕ್ಟರನ್ನೂ ಕೇಳು."

ಸ್ವಲ್ಪ ಹೊತ್ತು ಆ ಎರಡು ಗೆರೆಗಳನ್ನೇ ನೋಡಿದಳು. ನಾನು ಕೇಳಿದೆ, "ಕುಂಕುಮ ಹೇಗೆ ಕಾಣುತ್ತೆ ಈಗ?"

ಬಲಗಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರಿನ ದೇವಿಯ ಹಣೆ ನೋಡಿದಳು.

"ಕೆಂಪೇ ಸರ್. ಸ್ವಲ್ಪ ಹಳೇ ಕೆಂಪು."